ಇಂಡಿ ಕಡೆ ವಾಪಸ್ ಬರಬೇಕು ಅಂತಿದ್ದೇನೆ: ಒಂಬತ್ತು ಎಕರೆ, ಮೂರು ಒಣ ಬೋರು

ಪುಣೆಯ ಇಂಡಿಯವ

ನಮಸ್ಕಾರ ಎಲ್ಲರಿಗೂ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು, ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಅಪ್ಪ ತೀರಿಕೊಂಡ ಮೇಲೆ ಒಂಬತ್ತು ಎಕರೆ ನನ್ನ ಪಾಲಿಗೆ ಬಂದಿದೆ. ಸದ್ಯ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೇವೆ. ಅವ್ವ ಒಬ್ಬಳೇ ಊರಲ್ಲಿದ್ದಾಳೆ.

ಎರಡು ಎಕರೆ ಲಿಂಬೆ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಹಚ್ಚಿದ್ದು. 2016ರ ಬೇಸಿಗೆಗೆ ಅರ್ಧ ಒಣಗಿತು, 2019ರ ಬೇಸಿಗೆಗೆ ಉಳಿದದ್ದೂ ಹೋಯಿತು. ಅಪ್ಪ ಮೂರು ಬೋರು ಹಾಕಿಸಿದ್ದರು. ಮೊದಲನೆಯದು ನಾಲ್ಕು ವರ್ಷ ನಡೆಯಿತು. ಎರಡನೆಯದು ಒಂದೇ ಬೇಸಿಗೆ. ಮೂರನೆಯದರಲ್ಲಿ ಬರೀ ಧೂಳು ಬಂತು. ಆ ಸಾಲ ತೀರಿಸಿದ್ದು ನಾನು.

ಹೆಂಡತಿ ಒಪ್ಪಿದ್ದಾಳೆ, ಪೂರ್ತಿ ಅಲ್ಲ. ಮಗಳು ಮೂರನೇ ಕ್ಲಾಸು. ಮಾವನವರು ಒಂದೇ ಮಾತು ಹೇಳುತ್ತಾರೆ, ಬರದ ಊರಿಗೆ ಯಾರಾದರೂ ತಿರುಗಿ ಹೋಗುತ್ತಾರಾ ಅಂತ.

ಈಗ ಹೇಳಿ. ನಾಲ್ಕನೇ ಬೋರು ಹಾಕಿಸಲಾ? ಮತ್ತೆ ಲಿಂಬೆ ಹಚ್ಚಲಾ? ಅಥವಾ ಎಲ್ಲ ಮಾರಿ ಪುಣೆಯಲ್ಲೇ ಒಂದು ಫ್ಲ್ಯಾಟಿಗೆ ಮುಂಗಡ ಕಟ್ಟಿ ಸುಮ್ನೆ ಇರಲಾ?

ಹಾಸನದ ಟೀಚರ್

ಹೊಲದ ವಿಷಯ ನನಗೆ ಗೊತ್ತಿಲ್ಲ. ಊರಿನ ವಿಷಯ ಹೇಳಬಲ್ಲೆ. ಏಳು ವರ್ಷದ ಹಿಂದೆ ಪೋಸ್ಟಿಂಗ್ ಆಗಿ ಈ ಕಡೆ ಬಂದಾಗ ಬಸ್ಸಿನ ಕಿಟಕಿಯಿಂದ ನೋಡಿ ಅತ್ತಿದ್ದೆ. ಏಪ್ರಿಲ್ ತಿಂಗಳು. ಕಣ್ಣು ಹಾಯುವಷ್ಟು ದೂರ ಕರಿ ನೆಲ, ಜಾಲಿ ಗಿಡ, ಮತ್ತೇನೂ ಇಲ್ಲ. ಅದೇ ನೆಲ ಡಿಸೆಂಬರಿನಲ್ಲಿ ನೋಡಿದಾಗ ಬೇರೆ ದೇಶಕ್ಕೆ ಬಂದೆನಾ ಅನ್ನಿಸಿತು. ಎದೆಯೆತ್ತರ ಬಿಳಿಜೋಳ, ನಡುವೆ ಕಡಲೆ, ಬದುವಿಗೆ ಕುಸುಬಿ.

ಎಳ್ಳ ಅಮಾವಾಸ್ಯೆಗೆ ಮೊದಲ ವರ್ಷವೇ ಐದು ಮನೆಯವರು ಹೊಲಕ್ಕೆ ಕರೆದರು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಎಣ್ಣೆಗಾಯಿ, ಕಡುಬು. ಹೊಲದ ತುಂಬ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲಿ ಬಂದು ಊಟಕ್ಕೆ ಕೂತರೆ ಏಳಲು ಬಿಡಲಿಲ್ಲ. ವರ್ಗಾವಣೆಗೆ ಅರ್ಜಿ ಹಾಕಿದ್ದೆ. ಆಮೇಲೆ ವಾಪಸ್ ತೆಗೆದುಕೊಂಡೆ.

ಎರಿಹೊಲ

ತಮ್ಮಾ, ನೀನು ಮೂರು ಪ್ರಶ್ನೆ ಕೇಳಿದ್ದೀ, ಮೂರೂ ನೀರಿನ ಮೇಲೆ. ಮಣ್ಣಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಒಂಬತ್ತು ಎಕರೆ ಅಂದೆ. ಎರಿಯೋ, ಅಂದರೆ ಕರಿಮಣ್ಣೋ, ಇಲ್ಲಾ ಗರಸೋ, ಅಂದರೆ ಕಲ್ಲು ಕಲ್ಲಿನ ನೆಲವೋ? ಎಷ್ಟು ಆಳ? ಅದು ಗೊತ್ತಿಲ್ಲದೆ ಯಾರೂ ನಿನಗೆ ಉತ್ತರ ಹೇಳಲಾರರು. ಹೇಳಿದರೆ ಅದು ಹರಟೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಹಳೆಯ ಲೆಕ್ಕದಲ್ಲಿ 24 ಇಂಚು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸಿಗೆ ಬರುತ್ತದೆ. ಅದಕ್ಕೇ ನಮ್ಮ ಹಿರಿಯರು ಎರಿಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಡುತ್ತಿದ್ದರು. ಹೊರಗಿನವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಆದರೆ ಅಷ್ಟು ದಿನ ಹೊಲ ನೀರು ಕುಡಿಯುತ್ತಿರುತ್ತದೆ. ಕುಂಟೆ ಹೊಡೆದು ಕಸ ತೆಗೆದು, ಚೌಕು ಮಡಿ ಕಟ್ಟಿ ಬಿಟ್ಟರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಉತ್ತರಿ ಮಳೆಗೆ, ತಡವಾದರೆ ಹಸ್ತಕ್ಕೆ, ಜೋಳ ಬಿತ್ತುವುದು. ಆಮೇಲೆ ಮಳೆ ಬರದಿದ್ದರೂ ನಾಲ್ಕು ತಿಂಗಳು ಬೆಳೆ ನಿಲ್ಲುವುದು ಒಳಗಿನ ತೇವದ ಮೇಲೆ. ಸ್ವಾತಿ ಮಳೆ ಬಂದರೆ ಮುತ್ತಿನಂಥ ಜೋಳ ಅಂತಾರಲ್ಲ, ಅದು ಮೇಲಿನ ಲಾಭ.

ಈಗ ಲೆಕ್ಕ ಹಾಕು. ಒಂದು ಅಡಿ ಎರಿಮಣ್ಣು ಬೆಳೆಗೆ ಸಿಗುವಂಥ ನೀರನ್ನು ಎರಡು ಇಂಚಿನ ಹತ್ತಿರ ಹಿಡಿದಿಡುತ್ತದೆ. ಮೂರು ಅಡಿ ಇದ್ದರೆ ಆರು ಇಂಚು. ಒಂದು ಎಕರೆ ಮೇಲೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರ್. ಅಂದರೆ ಆರು ಲಕ್ಷ ಲೀಟರ್ ನಿನ್ನ ಕಾಲ ಕೆಳಗೇ ಇರುತ್ತದೆ. ಮೋಟರು ಬೇಡ, ಕರೆಂಟು ಬೇಡ. ಬೋರಿನವನಿಗೆ ಕೈ ಮುಗಿಯುವುದು ಬೇಡ. ಗರಸಿನ ಹೊಲಕ್ಕೆ ಈ ಭಾಗ್ಯ ಇಲ್ಲ. ಒಂದಡಿ ಮಣ್ಣು, ಕೆಳಗೆ ಗರಸು, ಮಳೆ ನಿಂತು ಹದಿನೈದು ದಿನಕ್ಕೆ ಬೆಳೆ ಬಾಡುತ್ತದೆ.

ಬೇಸಿಗೆಯಲ್ಲಿ ಹೊಲಕ್ಕೆ ಹೋಗಿ ಬಿರುಕಿನೊಳಗೆ ಒಂದು ಕೋಲು ಇಳಿಸಿ ನೋಡು. ಎಷ್ಟು ಇಳಿಯಿತು ಅನ್ನುವುದು ಮೊದಲ ಉತ್ತರ. ಆಮೇಲೆ ನಾಲ್ಕು ಕಡೆ ಗುಂಡಿ ತೋಡಿಸು.

ಲಿಂಬಿಬನ

ಎರಿಹೊಲ ಕಾಕಾ ಹೇಳಿದ್ದು ಸರಿ. ಆದರೆ ಎಕರೆಗೆ ನಾಲ್ಕೈದು ಕ್ವಿಂಟಲ್ ಜೋಳ ಬೆಳೆದು ಮಗಳ ಫೀ ಕಟ್ಟೋಕೆ ಆಗುತ್ತಾ ಅಂತ ಅವರೇ ಹೇಳಲಿ. ಇಂಡಿ ಪೇಟೆ ಇವತ್ತು ಇಷ್ಟು ದೊಡ್ಡದಾಗಿರುವುದು ಲಿಂಬೆಯಿಂದ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಂಡಿಯಲ್ಲೇ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಬಂದಿದೆ. ತೆಳು ಸಿಪ್ಪೆ, ಕೈ ತುಂಬ ರಸ. ಜೋಳಕ್ಕೆ ಆ ಮರ್ಯಾದೆ ಎಲ್ಲಿದೆ?

ನನಗೆ ಮೂರು ಎಕರೆ ಇದೆ. ಗಿಡ ಹಚ್ಚಿ ನಾಲ್ಕನೇ ವರ್ಷಕ್ಕೆ ಹಣ್ಣು ಬಂತು. ಆಟ ಎಲ್ಲ ಇರುವುದು ಬೇಸಿಗೆಯಲ್ಲಿ. ಹಸ್ತದ ಹೊತ್ತಿಗೆ ಗಿಡ ಹೂ ಬಿಡುವ ಹಾಗೆ ಮಾಡಿದರೆ ಏಪ್ರಿಲ್, ಮೇಗೆ ಹಣ್ಣು. ಆಗ ಊರೆಲ್ಲ ಶರಬತ್ತು ಕುಡಿಯುತ್ತಿರುತ್ತದೆ, ರೇಟು ನಾವು ಹೇಳಿದ್ದು. ಮಳೆಗಾಲದ ಹಣ್ಣಿಗೆ ಕೆಲವು ಸಲ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ, ಒಪ್ಪುತ್ತೇನೆ. ಕಜ್ಜಿ ರೋಗ ಇದೆ, ಟೊಂಗೆ ಒಣಗುವುದು ಇದೆ. ಆದರೂ ತೋಟ ತೋಟವೇ.

ಎರಿಹೊಲ

ನಿನ್ನ ತೋಟಕ್ಕೆ 2019ರಲ್ಲಿ ಟ್ಯಾಂಕರ್ ಎಷ್ಟು ಹೊಡೆಸಿದೆ, ಅದೂ ಬರಿ ಇಲ್ಲಿ.

ಲಿಂಬಿಬನ

ಅದನ್ನು ಕೇಳಬೇಡಿ ಕಾಕಾ. ಹೆಂಡತಿಯ ಬಂಗಾರದ ಬಳೆ, ಪಾಟಲಿ ಹೋದವು.

ನೀರಿನ ಲೆಕ್ಕ

ಜಗಳ ಬೇಡ, ಅಂಕಿ ಹಾಕೋಣ. ನಾನು ಕೃಷಿ ಹೊಂಡದ ಕೆಲಸ ಮಾಡಿಸುವವನು.

ಇಪ್ಪತ್ತಡಿಗೆ ಒಂದು ಗಿಡ ಅಂದರೆ ಎಕರೆಗೆ ಸುಮಾರು 110 ಲಿಂಬೆ ಗಿಡ. ಎರಡು ಎಕರೆಗೆ 220. ದೊಡ್ಡ ಗಿಡಕ್ಕೆ ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಕೊಟ್ಟರೂ ದಿನಕ್ಕೆ 60 ಲೀಟರ್ ಹಿಡಿಯಿರಿ. ಒಟ್ಟು 13,200 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಾದರೆ ದಿನಕ್ಕೆ ಎರಡೂವರೆ, ತಪ್ಪದೆ, ಮಳೆ ಬರುವ ತನಕ. ಯಾರ ಪಾಟಲಿ ಉಳಿಯುತ್ತವೆ ಹೇಳಿ.

ಇನ್ನು ಹೊಂಡ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಈ ಕಡೆ ಬಹಳ ಆಗಿವೆ. 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ದಂಡೆಯ ಇಳಿಜಾರು ಕಳೆದರೆ, ಸುಮಾರು ಒಂಬತ್ತು ಮುಕ್ಕಾಲು ಲಕ್ಷ ಲೀಟರ್ ನಿಲ್ಲುತ್ತದೆ. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ನಮ್ಮ ಬೇಸಿಗೆ ಬಿಸಿಲು ದಿನಕ್ಕೆ ಎಂಟು ಹತ್ತು ಮಿಲಿಮೀಟರ್ ನೀರು ಎತ್ತುತ್ತದೆ. ಎರಡು ತಿಂಗಳಲ್ಲಿ ಅರ್ಧ ಮೀಟರ್. ಅಂದರೆ ಎರಡು ಲಕ್ಷ ಲೀಟರ್ ಸೂರ್ಯನ ಪಾಲು. ಉಳಿದದ್ದು ಆ 220 ಗಿಡಕ್ಕೆ ಎರಡು ತಿಂಗಳು ಸಾಲುತ್ತದೆ, ಅಷ್ಟೇ. ಗರಸಿನಲ್ಲಿ ತೋಡಿದರೆ ಪ್ಲಾಸ್ಟಿಕ್ ಹಾಸಲೇಬೇಕು. ಇಲ್ಲದಿದ್ದರೆ ದೀಪಾವಳಿಗೆ ತಳ ಕಾಣುತ್ತದೆ.

ಬೋರಿನ ಬಗ್ಗೆ: ನಮ್ಮ ಕೆಳಗಿರುವುದು ಕರಿಕಲ್ಲಿನ ಹಾಸು, ಪದರ ಪದರ. ನೀರು ಇರುವುದು ಮೇಲಿನ ಸವೆದ ಕಲ್ಲಿನಲ್ಲಿ ಮತ್ತೆ ಸೀಳುಗಳಲ್ಲಿ. ಸೀಳು ಸಿಗಲಿಲ್ಲ ಅಂದರೆ ಸಾವಿರ ಅಡಿ ಹೋದರೂ ಧೂಳೇ. ಜಾಸ್ತಿ ಆಳಕ್ಕೆ ಹೋದರೆ ಜಾಸ್ತಿ ನೀರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರು ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವರ ಕಾಯಿ ಖರ್ಚೂ ನಿಮ್ಮದೇ.

ಸೊಲ್ಲಾಪುರದ ಸೊಸೆ

ಗಂಡಸರೆಲ್ಲ ಹೊಲದ ನೀರಿನ ಲೆಕ್ಕ ಮಾಡಿದಿರಿ. ಅಡುಗೆಮನೆಯ ನೀರು? ಅಣ್ಣಾ, ವೈನಿಯವರು ಪೂರ್ತಿ ಒಪ್ಪಿಲ್ಲ ಅಂದಿರಲ್ಲ, ಅವರು ಯೋಚಿಸುತ್ತಿರುವುದು ಇದನ್ನೇ.

ನಾನು ಚಡಚಣದ ಹತ್ತಿರದ ಊರಿಗೆ ಸೊಸೆಯಾಗಿ ಬಂದೆ. ಮೊದಲ ಬೇಸಿಗೆ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಮನೆಯಲ್ಲಿ ಒಬ್ಬರು ಎಚ್ಚರ ಇರಲೇಬೇಕು, ಆ ಒಬ್ಬರು ಯಾವಾಗಲೂ ಸೊಸೆಯೇ. ಕೊಡ, ಡ್ರಮ್ಮು, ಸಿಂಟೆಕ್ಸ್, ಕೊನೆಗೆ ಪಾತೇಲಿ ಕೂಡ ತುಂಬಿಡುವುದು. ಮುಸುರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಸ್ನಾನದ ನೀರು ನುಗ್ಗೆಗೆ. ಈಗ ಸ್ವಲ್ಪ ಸುಧಾರಿಸಿದೆ, ಎಲ್ಲ ಊರಲ್ಲೂ ಅಲ್ಲ. ನಿಮ್ಮ ಊರಿನ ನಳಕ್ಕೆ ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅಂತ ಅವ್ವನನ್ನು ಕೇಳಿ. ಮನೆ ಕೆಳಗೆ ಒಂದು ಸಂಪು ಕಟ್ಟಿಸಿ, ಮಾಳಿಗೆಯ ಮಳೆ ನೀರು ಅದಕ್ಕೆ ಬಿಡಿ. ಬೋರಿಗಿಂತ ಮೊದಲು ಇದು.

ದವಾಖಾನೆ: ಜ್ವರ, ಹೆರಿಗೆ ಇಲ್ಲೇ ಆಗುತ್ತದೆ. ದೊಡ್ಡದಕ್ಕೆ ಸೊಲ್ಲಾಪುರ ಇಲ್ಲಾ ವಿಜಯಪುರ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೈವೇ ಸುಮಾರು ನೂರು ಕಿಲೋಮೀಟರ್, ಹೊರ್ತಿ, ಝಳಕಿ ಅದರ ಮೇಲೆಯೇ ಇವೆ. ಹೈವೇ ಮುಟ್ಟಿದರೆ ಬದುಕಿದಂತೆ. ಹೈವೇ ಮುಟ್ಟುವ ಒಳ ರಸ್ತೆಯದೇ ಕಥೆ.

ಮಗಳಿಗೆ ಭಾಷೆಯ ತೊಂದರೆ ಆಗುವುದಿಲ್ಲ. ಅಂಗಡಿಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ನನ್ನ ಅತ್ತೆ ಬೈಯುವುದು ಕನ್ನಡದಲ್ಲಿ, ಲೆಕ್ಕ ಮಾಡುವುದು ಮರಾಠಿಯಲ್ಲಿ.

ಲಚ್ಯಾಣ ಪ್ಯಾಸೆಂಜರ್

ರೈಲೂ ಇದೆ ಅಂತ ಯಾರೂ ಹೇಳಲಿಲ್ಲ. ಇಂಡಿ ರೋಡ್ ಸ್ಟೇಷನ್ ಇಂಡಿ ಪೇಟೆಯಿಂದ ದೂರ, ಅದು ಬೇರೆ ಮಾತು. ಈ ಲೈನು ಬಂದದ್ದೇ ಬರದಿಂದ. 1876-78ರ ಬರದಲ್ಲಿ ಈ ಕಡೆಗೆ ಕಾಳು ತರಲು ದಾರಿ ಇರಲಿಲ್ಲ. ಊರೂರೇ ಖಾಲಿಯಾದವು. ಆಮೇಲೆ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಟಗಿಯಿಂದ ಗದಗಿನ ತನಕ ಮೀಟರ್ ಗೇಜ್ ಹಾಕಿತು, 1884ರಲ್ಲಿ ಓಡಾಟ ಶುರು. ಅದೇ ಲೈನಿನ ನಿಂಬಾಳದಲ್ಲಿ ಗುರುದೇವ ರಾನಡೆಯವರ ಆಶ್ರಮ. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಕೊನೆಗಾಲಕ್ಕೆ ಬಂದು ಕೂತದ್ದು ಈ ಬಯಲಿನಲ್ಲಿ. ಹಲಸಂಗಿಯೂ ಈ ಕಡೆಯದೇ. ಕವಿ ಮಧುರಚೆನ್ನರು ಮತ್ತೆ ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತು ಜನಪದ ಹಾಡು ಬರೆದುಕೊಂಡದ್ದು ಇದೇ ಜೋಳ ತಿನ್ನುವ ಊರುಗಳಲ್ಲಿ.

ಲಿಂಬಿಬನ

ಅಣ್ಣಾ, ಅವರು ಬೋರಿನ ವಿಷಯ ಕೇಳಿದ್ದು.

ಲಚ್ಯಾಣ ಪ್ಯಾಸೆಂಜರ್

ಇರಲಿ ಬಿಡ್ರಿ. ಊರಿಗೆ ಬರುವವನಿಗೆ ಊರು ಗೊತ್ತಿರಲಿ.

ಎರಿಹೊಲ

ಬರದ ಮಾತು ಬಂತು ಅಂತ ಹೇಳುತ್ತೇನೆ. ನಾನು ಹುಡುಗನಿದ್ದಾಗ 1972ರ ಬರ. ಅಪ್ಪ, ಅವ್ವ ರಸ್ತೆ ಕೆಲಸಕ್ಕೆ ಖಡಿ ಒಡೆಯಲು ಹೋದರು. ಸರ್ಕಾರ ಹಂಚಿದ ಹೊರದೇಶದ ಕೆಂಪು ಜೋಳ ತಿಂದೆವು. ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು. ಅವ್ವ ಅದನ್ನು ನುಚ್ಚು ಮಾಡುತ್ತಿದ್ದಳು.

ಅದಕ್ಕೂ ಮೊದಲು ನಮ್ಮ ವಾಡೆಯ ಮುಂದೆ ಎರಡು ಹಗೇವು ಇದ್ದವು. ಆಳುದ್ದಕ್ಕಿಂತ ಜಾಸ್ತಿ ಆಳ. ಒಳಗೆಲ್ಲ ಜೋಳದ ದಂಟು, ಹೊಟ್ಟು ಹಾಸಿ ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ, ಯಾಕೆಂದರೆ ಒಳಗೆ ಗಾಳಿ ಇರುವುದಿಲ್ಲ. ತೆಗೆದ ದಿನ ಯಾರೂ ಇಳಿಯಬಾರದು. ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮರೆತು ಇಳಿದು ಸತ್ತವರೂ ಇದ್ದಾರೆ. ಡೋಣಿ ನದಿಯ ದಂಡೆಯವರು ನಮ್ಮನ್ನು ನೋಡಿ ನಗುತ್ತಿದ್ದರು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅನ್ನುವ ಸೊಕ್ಕು ಅವರಿಗೆ. ಬೆಳೆದ ವರ್ಷ ಮೂರು ವರ್ಷಕ್ಕೆ ಕೂಡಿಡುವುದು ನಮ್ಮ ಕಡೆಯ ಪದ್ಧತಿ. ಈಗ ಕಾಳು ಕಣದಿಂದಲೇ ಮಾರ್ಕೆಟ್ಟಿಗೆ ಹೋಗುತ್ತದೆ. ಮುಂದಿನ ತಿಂಗಳು ಅದೇ ರೈತ ಅಂಗಡಿಯಿಂದ ಜೋಳ ತರುತ್ತಾನೆ.

ಗ್ಯಾಂಗಿನ ಹುಡುಗ

ಎಲ್ಲ ಓದಿದೆ. ನಮ್ಮದು ಮೂರು ಎಕರೆ, ಪೂರ್ತಿ ಗರಸು. ಸಜ್ಜೆ, ಹೆಸರು ಬಂದರೆ ಬಂತು. ಇತ್ತೀಚೆಗೆ ಎಲ್ಲರಂತೆ ನಾವೂ ತೊಗರಿ ಹಾಕುತ್ತೇವೆ. ದಸರೆ ಮುಗಿದ ಮೇಲೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತೇವೆ. ಮುಕಾದಮನ, ಅಂದರೆ ಗ್ಯಾಂಗಿನ ಮೇಸ್ತ್ರಿಯ, ಹತ್ತಿರ ಮೊದಲೇ ದುಡ್ಡು ತೆಗೆದುಕೊಂಡಿರುತ್ತೇವೆ, ಅದು ತೀರುವ ತನಕ ಬಿಡುಗಡೆ ಇಲ್ಲ. ಆರು ತಿಂಗಳು ಗುಡಿಸಲು. ತಂಗಿಯ ಶಾಲೆ ಪ್ರತಿ ವರ್ಷ ನವೆಂಬರಿಗೆ ನಿಲ್ಲುತ್ತಿತ್ತು. ಈಗ ಅವಳನ್ನು ಹಾಸ್ಟೆಲಿಗೆ ಹಾಕಿದ್ದೇವೆ.

ಅಣ್ಣಾ, ವಾಪಸ್ ಬರಲಾ ಬೇಡವಾ ಅಂತ ಕೂತು ಕೇಳುವಷ್ಟು ನಿಮಗೆ ಜಾಗ ಇದೆ. ಸಿಟ್ಟಿನಿಂದ ಹೇಳುತ್ತಿಲ್ಲ. ಮಾರುವುದಾದರೆ ಒಮ್ಮೆ ಯೋಚಿಸಿ, ಅಷ್ಟೇ. ಈ ಕಡೆ ಹೊಲ ಮಾರಿದವರು ತಿರುಗಿ ಕೊಂಡದ್ದನ್ನು ನಾನು ನೋಡಿಲ್ಲ.

ಪುಣೆಯ ಇಂಡಿಯವ

ಗ್ಯಾಂಗಿನ ತಮ್ಮಾ, ನಿನ್ನ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎರಡು ಸಲ ಓದಿದೆ.

ಸೊಸೆ ಅಕ್ಕಾ, ನಿಮ್ಮದನ್ನು ಹೆಂಡತಿಗೆ ತೋರಿಸಿದೆ. "ನೋಡಿ, ಇದನ್ನೇ ಹೇಳುತ್ತಿದ್ದೆ" ಅಂದಳು. ಅವಳು ಹೇಳಿದ್ದು ನೆನಪಿಲ್ಲ, ಆದರೆ ವಾದ ಮಾಡಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಕಾಲುವೆ ನೀರು ಬರುತ್ತದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅದನ್ನು ನಂಬಿ ಕಾಯಲಾ?

ನೀರಿನ ಲೆಕ್ಕ

ನೀರು ಬಂದ ಕಡೆ ಬಂದಿದೆ, ಸುಳ್ಳಲ್ಲ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಇವತ್ತು ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಬಬಲೇಶ್ವರ, ತಿಕೋಟಾ ಕಡೆ ಕೆರೆಗಳು ತುಂಬಿವೆ. ದ್ರಾಕ್ಷಿಯವರು, ಮನೂಕಿನ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನವರು ಉಸಿರು ಬಿಟ್ಟಿದ್ದಾರೆ. ನಮ್ಮ ಇಂಡಿ, ಚಡಚಣ ಎತ್ತರದ ಕಡೆ, ಸಾಲಿನ ಕೊನೆಯಲ್ಲಿ ಕೂತವರು. ಹೊರ್ತಿ ರೇವಣಸಿದ್ಧೇಶ್ವರ ಯೋಜನೆ ನಮಗೋಸ್ಕರವೇ ಇರುವುದು. ಬಂದ ದಿನ ಪೇಡೆ ಹಂಚಿರಿ. ಆದರೆ ನಿಮ್ಮ ಹೊಲದ ಪ್ಲ್ಯಾನು ಕಾಲುವೆ ಇಲ್ಲ ಅಂತಲೇ ಮಾಡಿ. ಒಂದು ವಿಷಯ ಗಮನಿಸಿ: ಕೆರೆ ತುಂಬಿದ ಊರಲ್ಲಿ ಸುತ್ತಲ ಬಾವಿ, ಬೋರು ಕೂಡ ಎದ್ದಿವೆ. ಹಾಗಾಗಿ ನಿಮ್ಮ ಒಣ ಬೋರಿನ ಕೇಸಿಂಗ್ ಕೀಳಬೇಡಿ. ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ. ಮಕ್ಕಳು ಓಡಾಡುವ ಜಾಗ, ಅದು ಮೊದಲ ಕೆಲಸ.

ಹಾಸನದ ಟೀಚರ್

ಮಗಳ ಶಾಲೆಯ ಬಗ್ಗೆ ಬೇಕಾದರೆ ಕೇಳಿ. ನನ್ನ ಕ್ಲಾಸಿನಲ್ಲಿ ದೀಪಾವಳಿ ಕಳೆದ ಮೇಲೆ ಬೆಂಚು ಖಾಲಿಯಾಗುವುದು ಯಾಕೆ ಅಂತ ಮೊದಲ ವರ್ಷ ನನಗೂ ತಿಳಿದಿರಲಿಲ್ಲ. ಗ್ಯಾಂಗಿನ ಹುಡುಗನ ತಂಗಿಯಂಥವರು ಪ್ರತಿ ವರ್ಷ ಹೋಗುತ್ತಾರೆ. ಕೆಲವರು ಏಪ್ರಿಲಿಗೆ ವಾಪಸ್ ಬಂದು ಪರೀಕ್ಷೆ ಬರೆಯುತ್ತಾರೆ. ಕೆಲವರು ಬರುವುದಿಲ್ಲ.

ಪುಣೆಯ ಇಂಡಿಯವ

ಮೂರು ವಾರ ಆಯಿತು. ಬಸವ ಜಯಂತಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಬಿಸಿಲು ಹೇಳುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತರೊಳಗೆ ನಿಲ್ಲಿಸುತ್ತಿದ್ದೆವು.

ಮೊದಲು ಬಿರುಕಿಗೆ ಕೋಲು ಇಳಿಸಿದೆ. ಮೇಲಿನ ಮೂರು ಎಕರೆಯಲ್ಲಿ ಬಿರುಕೇ ಸರಿಯಾಗಿ ಇಲ್ಲ. ಗುಂಡಿ ತೋಡಿದರೆ ಒಂದೂಕಾಲು ಅಡಿಗೆ ಗರಸು ಹತ್ತಿತು. ನಡುವಿನ ನಾಲ್ಕು ಎಕರೆ ಮೂರು ಅಡಿಗೆ ಸ್ವಲ್ಪ ಕಮ್ಮಿ. ಹಳ್ಳದ ಕಡೆಯ ಎರಡು ಎಕರೆಯಲ್ಲಿ ಕೋಲು ಪೂರ್ತಿ ಹೋಯಿತು. ಐದು ಅಡಿ ತೋಡಿದರೂ ಎರಿಯೇ. ತಳದ ಮಣ್ಣು ಮೇ ತಿಂಗಳು ಹತ್ತಿರ ಬಂದರೂ ಕೈಯಲ್ಲಿ ಉಂಡೆಯಾಗುತ್ತಿತ್ತು.

ಅಪ್ಪ ಲಿಂಬೆ ಹಚ್ಚಿದ್ದು ಮೇಲಿನ ಗರಸಿನಲ್ಲಿ. ಮೂರು ಬೋರೂ ಅಲ್ಲೇ. ತಪ್ಪು ಜಾಗದಲ್ಲಿ ಹಚ್ಚಿದರು ಅಂತ ಮೊದಲು ಸಿಟ್ಟು ಬಂತು.

ಲಿಂಬಿಬನ

ತಪ್ಪು ಜಾಗ ಅಲ್ಲ. ಲಿಂಬೆಯ ಬೇರಿಗೆ ನೀರು ನಿಲ್ಲಬಾರದು. ಆಳದ ಎರಿಯಲ್ಲಿ ಹಚ್ಚಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತಿತ್ತು. ನಿಮ್ಮ ಅಪ್ಪನಿಗೆ ಗಿಡ ಗೊತ್ತಿತ್ತು. ನೀರು ಕೈ ಕೊಟ್ಟಿತು.

ಪುಣೆಯ ಇಂಡಿಯವ

ಹೌದು, ಅವ್ವನೂ ಅದನ್ನೇ ಹೇಳಿದಳು. ಇನ್ನೊಂದು ಹೇಳಿದಳು. 2016ರಲ್ಲಿ, 2019ರಲ್ಲಿ ನಾನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆ, ಅದೆಲ್ಲ ಟ್ಯಾಂಕರಿಗೆ, ಬಡ್ಡಿಗೆ ಹೋಯಿತು. ಮನೆಯಲ್ಲಿ ತಿಂದದ್ದು ಹಳ್ಳದ ಕಡೆಯ ಎರಡು ಎಕರೆಯ ಜೋಳ. ಆ ಎರಡು ವರ್ಷವೂ ಅದು ಪೂರ್ತಿ ಕೈ ಬಿಟ್ಟಿರಲಿಲ್ಲವಂತೆ. ತೆನೆ ಸಣ್ಣ, ಆದರೆ ಬಂದಿತ್ತು. ಸೊಪ್ಪೆಯಿಂದ ಎರಡು ಎಮ್ಮೆ ಉಳಿದವು. ಇಷ್ಟು ವರ್ಷ ಇದನ್ನು ಅವಳು ಯಾಕೆ ಹೇಳಲಿಲ್ಲ ಅಂದರೆ, ನೀನು ಫೋನಿನಲ್ಲಿ ಯಾವಾಗಲೂ ಬೋರಿನದೇ ಕೇಳುತ್ತಿದ್ದೆ ಅಂದಳು.

ಈಗ ಮಾಡಿದ್ದು ಹೀಗೆ. ಮಾರುವುದಿಲ್ಲ. ನಾಲ್ಕನೇ ಬೋರು ಇಲ್ಲ. ಲಾವಣಿಯವರಿಗೆ ಹೇಳಿ ಕೆಳಗಿನ ಆರು ಎಕರೆ ಬಿಡಿಸಿಕೊಂಡೆ. ಮುಂಗಾರಿಗೆ ನಡುವಿನ ಅರ್ಧಕ್ಕೆ ತೊಗರಿ, ಉಳಿದದ್ದು ಹಿಂಗಾರಿ ಜೋಳಕ್ಕೆ ಖಾಲಿ. ಮೇಲಿನ ಗರಸಿನಲ್ಲಿ ಒಂದು ಹೊಂಡ ತೋಡಿಸಿ, ಐವತ್ತೇ ಲಿಂಬೆ ಗಿಡ. ಲೆಕ್ಕದ ಅಣ್ಣಾ, ಐವತ್ತಕ್ಕೆ ದಿನಕ್ಕೆ ಮೂರು ಸಾವಿರ ಲೀಟರ್, ನೀವು ಹೇಳಿದ ಹಾಗೆ ಬಿಸಿಲಿನ ಪಾಲು ಕಳೆದರೂ ಬೇಸಿಗೆ ದಾಟುತ್ತದೆ ಅಲ್ವಾ?

ಕೆಲಸ ಈಗಲೇ ಬಿಡುತ್ತಿಲ್ಲ. ಒಂದು ವರ್ಷ ಹದಿನೈದು ದಿನಕ್ಕೊಮ್ಮೆ ಓಡಾಡುತ್ತೇನೆ. ಸಂಪು ಕಟ್ಟಿ ಮುಗಿದ ಮೇಲೆ ಹೆಂಡತಿ ಬಂದು ನೋಡುತ್ತಾಳಂತೆ. ಮುಗಿದ ಮೇಲೆ, ಮೊದಲಲ್ಲ.

ನೀರಿನ ಲೆಕ್ಕ

ದಾಟುತ್ತದೆ. ಸೆಪ್ಟೆಂಬರಿನಲ್ಲಿ ಹೊಂಡ ತುಂಬಿರಬೇಕು, ಅದೊಂದೇ ಷರತ್ತು.

ಸೊಲ್ಲಾಪುರದ ಸೊಸೆ

ವೈನಿಯವರು ಜಾಣರು.

ಗ್ಯಾಂಗಿನ ಹುಡುಗ

ಹೊಂಡ ತೋಡುವ ಕೆಲಸ ಇದ್ದರೆ ಹೇಳಿ ಅಣ್ಣಾ. ಜೂನ್ ತನಕ ಊರಲ್ಲೇ ಇರುತ್ತೇವೆ.

ಪುಣೆಯ ಇಂಡಿಯವ

ಖಂಡಿತ. ತೋಡುವುದು ಜೆಸಿಬಿ, ಆದರೆ ದಂಡೆ ಕಟ್ಟಲು, ಕಲ್ಲು ಹಾಸಲು ಆಳು ಬೇಕು. ನಂಬರ್ ಇಲ್ಲಿ ಹಾಕಬೇಡ, ಬೇರೆ ಮೆಸೇಜ್ ಮಾಡು.

ಎರಿಹೊಲ

ಗುಂಡಿ ಮುಚ್ಚಿಸಿದೆಯಾ ತಮ್ಮಾ? ದನಕರು ಬಿದ್ದಾವು.

ಪುಣೆಯ ಇಂಡಿಯವ

ಮುಚ್ಚಿಸಿದೆ ಕಾಕಾ. ಹಳ್ಳದ ಕಡೆಯದು ಒಂದು ಬಿಟ್ಟಿದ್ದೇನೆ, ಸುತ್ತ ಜಾಲಿ ಮುಳ್ಳು ಹಚ್ಚಿ. ಮಗಳು ಬಂದಾಗ ಇಳಿಸಿ ತೋರಿಸಬೇಕು.